ಕಿರು ಕೋರ್ಸು, ಸರ್ಟಿಫಿಕೇಟು, ಮಾನ್ಯತೆ: ನರ್ಸ್‌ಗಳ ಪ್ರಶ್ನೆಗಳಿಗೆ ಉತ್ತರ

ನೋಂದಾಯಿತ ನರ್ಸ್‌ಗಳು ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು ಸೇರುವ ಕೋರ್ಸ್‌ಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಉತ್ತರಿಸಿದ್ದೇವೆ. ಒಂದು ಗಂಟೆಯ ವೆಬಿನಾರ್‌ನಿಂದ ಹಿಡಿದು ಒಂದು ವಾರದ ತರಬೇತಿವರೆಗೆ ಎಲ್ಲವೂ ಇದರಲ್ಲಿ ಬರುತ್ತವೆ. ನೋಂದಣಿ ನವೀಕರಿಸಲು ಇಂತಿಷ್ಟು ಗಂಟೆ ಕಲಿತಿರಬೇಕು ಎಂದು ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ಕೌನ್ಸಿಲ್‌ಗಳು ಕೇಳುತ್ತವೆ; ಇಲ್ಲಿ ಬರುವ “ಗಂಟೆ” ಆ ಲೆಕ್ಕದ್ದು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.

ಪ್ರಶ್ನೆ: “ಅಂತರರಾಷ್ಟ್ರೀಯ ಮಾನ್ಯತೆ ಪಡೆದ 20 ಗಂಟೆಯ ಕೋರ್ಸ್” ಎಂಬ ಜಾಹೀರಾತು ನೋಡಿ ಶುಲ್ಕ ಕಟ್ಟಿದೆ, ಪೂರ್ತಿ ಮುಗಿಸಿದೆ. ನೋಂದಣಿ ನವೀಕರಣಕ್ಕೆ ಕೊಟ್ಟರೆ ಒಂದು ಗಂಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಮೋಸ ಹೋದೆನೇ?

ಮೋಸವೇ ಆಗಿರಬೇಕೆಂದಿಲ್ಲ, ಆದರೆ ಆ ಜಾಹೀರಾತು ನಿಮ್ಮನ್ನು ದಾರಿ ತಪ್ಪಿಸಿದೆ. ಜಗತ್ತಿನ ಎಲ್ಲ ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ಒಂದೇ ಸಂಸ್ಥೆ ಎಂಬುದಿಲ್ಲ. 1899ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್ ಕೂಡ ರಾಷ್ಟ್ರೀಯ ನರ್ಸಿಂಗ್ ಸಂಘಗಳ ಒಕ್ಕೂಟ. ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಹಾಗಾಗಿ “ಅಂತರರಾಷ್ಟ್ರೀಯ ಮಾನ್ಯತೆ” ಎಂಬ ಪದ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಮಾನ್ಯತೆ ಯಾರದು, ಕೊಟ್ಟದ್ದು ಯಾವುದಕ್ಕೆ?

ಮಾನ್ಯತೆಯಲ್ಲಿ ಎರಡು ಬಗೆ ಇವೆ, ಜನ ಅವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಸಂಸ್ಥೆಗೆ ಸಿಗುವಂಥದ್ದು: ಕೋರ್ಸ್ ನಡೆಸುವವರ ವ್ಯವಸ್ಥೆ, ಅಧ್ಯಾಪಕರು, ದಾಖಲೆ ಇಡುವ ಕ್ರಮ ಎಲ್ಲವನ್ನೂ ನೋಡಿ, ಇಂತಿಷ್ಟು ವರ್ಷ ನೀವು ಕೋರ್ಸ್ ನಡೆಸಬಹುದು ಎಂದು ಒಪ್ಪುವುದು. ಎರಡನೆಯದು ಒಂದೊಂದು ಕೋರ್ಸಿಗೆ ಬಿಡಿಬಿಡಿಯಾಗಿ ಸಿಗುವಂಥದ್ದು: ಈ ವಿಷಯಕ್ಕೆ, ಈ ದಿನಾಂಕಗಳಿಗೆ, ಇಷ್ಟು ಗಂಟೆ ಎಂದು. ಇದೇ ಹೆಸರಿನಲ್ಲಿ ಓಡಾಡುವ ಮೂರನೆಯ ಕಾಗದವೂ ಒಂದಿದೆ, ಐಎಸ್‌ಒ 9001. ಅದು ಸಂಸ್ಥೆಯ ಗುಣಮಟ್ಟ ನಿರ್ವಹಣಾ ವ್ಯವಸ್ಥೆಗೆ ಕೊಡುವ ಪ್ರಮಾಣಪತ್ರ. ಅದರ ಲಾಂಛನ ಸರ್ಟಿಫಿಕೇಟಿನ ಮೇಲೆ ಎಷ್ಟೇ ದೊಡ್ಡದಾಗಿ ಇದ್ದರೂ ನಿಮ್ಮ ನರ್ಸಿಂಗ್ ಗಂಟೆಗೆ ಅದರಿಂದ ಏನೂ ಸೇರುವುದಿಲ್ಲ.

ಶುಲ್ಕ ಕಟ್ಟುವ ಮುನ್ನ ಅನುಮೋದನೆಯ ಪೂರ್ತಿ ವಾಕ್ಯವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಅನುಮೋದಿಸಿದವರ ಹೆಸರು, ಅನುಮೋದನೆ ಸಂಖ್ಯೆ, ಎಂದಿನಿಂದ ಎಂದಿನವರೆಗೆ, ಎಷ್ಟು ಗಂಟೆ ಎಂಬ ನಾಲ್ಕೂ ಇರಬೇಕು. ಆ ಸಂಖ್ಯೆಯನ್ನು ಕೋರ್ಸ್ ನಡೆಸುವವರ ಜಾಲತಾಣದಲ್ಲಿ ನೋಡಿ ತೃಪ್ತರಾಗಬೇಡಿ, ಅನುಮೋದಿಸಿದವರ ಪಟ್ಟಿಯಲ್ಲೇ ಹುಡುಕಿ. ಆಮೇಲೆ ನಿಮ್ಮ ನೋಂದಣಿ ಇರುವ ಕೌನ್ಸಿಲ್ ಆ ಅನುಮೋದಕರನ್ನು ಒಪ್ಪುತ್ತದೆಯೇ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಇಟ್ಟುಕೊಳ್ಳಿ. “ಅನುಮೋದನೆಗೆ ಅರ್ಜಿ ಸಲ್ಲಿಸಲಾಗಿದೆ” ಎಂಬ ಸಾಲಿನ ಮೇಲೆ ಮಾತ್ರ ದುಡ್ಡು ಹಾಕಬೇಡಿ. ಆ ಅರ್ಜಿ ತಿರಸ್ಕೃತವಾದರೆ ನಿಮ್ಮ ಗಂಟೆಯೂ ಹೋಗುತ್ತದೆ.

ಪ್ರಶ್ನೆ: ಸಮ್ಮೇಳನಕ್ಕೆ ಬೆಳಿಗ್ಗೆ 9.30ಕ್ಕೆ ಹೋಗಿ ಸಂಜೆ 4.30ಕ್ಕೆ ಹೊರಬಂದೆವು. ಏಳು ಗಂಟೆ ಕೂತಿದ್ದೇವೆ. ಸರ್ಟಿಫಿಕೇಟಿನಲ್ಲಿ 4.5 ಎಂದು ಬರೆದಿದ್ದಾರೆ. ಉಳಿದ ಎರಡೂವರೆ ಗಂಟೆ ಎಲ್ಲಿ ಹೋಯಿತು?

ಏಳು ಗಂಟೆ ಎಂದರೆ 420 ನಿಮಿಷ. ಉದ್ಘಾಟನೆಗೆ 30, ಎರಡು ಟೀ ವಿರಾಮಕ್ಕೆ 30, ಊಟಕ್ಕೆ 60, ಸಮಾರೋಪ ಮತ್ತು ಸರ್ಟಿಫಿಕೇಟ್ ಹಂಚಿಕೆಗೆ 30. ಒಟ್ಟು 150 ನಿಮಿಷ ಕಳೆದರೆ ಉಳಿಯುವುದು 270, ಅಂದರೆ ನಾಲ್ಕೂವರೆ ಗಂಟೆ. ನಿಮ್ಮ ಸಂಘಟಕರು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ್ದಾರೆ. ಇದೇ ಕಾರ್ಯಕ್ರಮಕ್ಕೆ 7 ಎಂದು ಬರೆದುಕೊಟ್ಟಿದ್ದರೆ ಅನುಮಾನ ಪಡಬೇಕಿತ್ತು, ಏಕೆಂದರೆ ತಪಾಸಣೆಯಲ್ಲಿ ವೇಳಾಪಟ್ಟಿ ಕೇಳಿದರೆ ಸಿಕ್ಕಿಬೀಳುವವರು ನೀವು.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಪಾಠ ನಡೆದ ಹೊತ್ತನ್ನು ಎಣಿಸುವ ಅಳತೆಗೆ ಸಂಪರ್ಕ ಗಂಟೆ ಎನ್ನುತ್ತಾರೆ. ಅಮೆರಿಕದಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್ ಪ್ರಕಾರ ಒಂದು ಸಂಪರ್ಕ ಗಂಟೆ ಎಂದರೆ 60 ನಿಮಿಷ. ಕ್ಯಾಲಿಫೋರ್ನಿಯಾ ನರ್ಸಿಂಗ್ ಮಂಡಳಿಯ ನಿಯಮದಲ್ಲಿ 50 ನಿಮಿಷ ಇದ್ದರೂ ಗಂಟೆಯೇ. ಅದೇ 270 ನಿಮಿಷ ಒಂದು ಕಡೆ 4.5, ಇನ್ನೊಂದು ಕಡೆ 5.4 ಆಗುತ್ತದೆ. ಇದರ ಮೇಲೆ ಸಿಇಯು (ನಿರಂತರ ಶಿಕ್ಷಣ ಘಟಕ) ಎಂಬ ಇನ್ನೊಂದು ಅಳತೆ ಇದೆ: 10 ಸಂಪರ್ಕ ಗಂಟೆ ಸೇರಿದರೆ 1 ಸಿಇಯು. ಸರ್ಟಿಫಿಕೇಟಿನಲ್ಲಿ 0.45 ಸಿಇಯು ಎಂದಿದ್ದರೆ ನವೀಕರಣದ ಅರ್ಜಿಯಲ್ಲಿ ಗಂಟೆಯ ಕಾಲಂನಲ್ಲಿ 4.5 ಎಂದು ತುಂಬಬೇಕು. 0.45 ಎಂದೇ ತುಂಬಿ ಗಂಟೆ ಕಳೆದುಕೊಳ್ಳುವವರಿದ್ದಾರೆ. 2 ಗಂಟೆಯನ್ನು 2 ಸಿಇಯು ಎಂದು ಬರೆದು ಹತ್ತುಪಟ್ಟು ಹೇಳಿಕೊಂಡವರೂ ಇದ್ದಾರೆ. ಈ ಎರಡನೆಯ ತಪ್ಪನ್ನು ಕೌನ್ಸಿಲ್ ಸುಳ್ಳು ಘೋಷಣೆ ಎಂದು ನೋಡಬಹುದು, ಆದ್ದರಿಂದ ಅಳತೆಯ ಹೆಸರನ್ನು ಎರಡು ಸಲ ಓದಿ.

ತಡವಾಗಿ ಬಂದವರಿಗೆ, ಬೇಗ ಹೊರಟವರಿಗೆ ಭಾಗಶಃ ಗಂಟೆ ಕೊಡುತ್ತಾರೋ ಇಲ್ಲವೋ ಎಂಬುದನ್ನು ಸಮ್ಮೇಳನಕ್ಕೆ ಹೆಸರು ಕೊಡುವುದಕ್ಕೂ ಮುಂಚೆ ಸಂಘಟಕರು ತಿಳಿಸಬೇಕು. ಬಾಗಿಲಲ್ಲಿ ವಾದ ಮಾಡಿ ಪಡೆಯುವಂಥದ್ದಲ್ಲ ಅದು.

ಪ್ರಶ್ನೆ: ಮನೆಯಲ್ಲೇ ಓದಿ, ಕೊನೆಗೆ ಹತ್ತು ಪ್ರಶ್ನೆ ಉತ್ತರಿಸುವ ಕೋರ್ಸ್‌ಗಳಿಗೆ ಗಂಟೆ ಹೇಗೆ ನಿಗದಿ ಮಾಡುತ್ತಾರೆ? ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದಕ್ಕೂ ಒಂದೂವರೆ ಗಂಟೆ ಸಿಕ್ಕಿದೆ. ಇದು ಸರಿಯೇ?

ಎರಡು ದಾರಿ ಬಳಕೆಯಲ್ಲಿವೆ. ಒಂದು, ಪಾಠ ಯಾರಿಗಾಗಿಯೋ ಅಂಥ ಕೆಲವು ನರ್ಸ್‌ಗಳಿಂದ ಮೊದಲೇ ಮಾಡಿಸಿ ಅವರು ತೆಗೆದುಕೊಂಡ ಸಮಯದ ಸರಾಸರಿ ಹಿಡಿಯುವುದು. ಇನ್ನೊಂದು ಮರ್ಗನರ್ ಸೂತ್ರ. ಪಾಠದ ಪದಗಳ ಸಂಖ್ಯೆಯನ್ನು 0.00209ರಿಂದ, ಪ್ರಶ್ನೆಗಳ ಸಂಖ್ಯೆಯನ್ನು 2.78ರಿಂದ, 1ರಿಂದ 5ರವರೆಗಿನ ಕಠಿಣತೆಯ ಅಂಕವನ್ನು 15.5ರಿಂದ ಗುಣಿಸಿ ಮೂರನ್ನೂ ಕೂಡಿಸಬೇಕು. ಅದರಲ್ಲಿ 22.3 ಕಳೆದು, ಬಂದದ್ದನ್ನು 0.9ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ.

6,000 ಪದ, 10 ಪ್ರಶ್ನೆ, ಕಠಿಣತೆ 3 ಎಂದಿಟ್ಟುಕೊಳ್ಳಿ. 12.54, 27.8, 46.5 ಸೇರಿ 86.84. ಅದರಲ್ಲಿ 22.3 ಹೋದರೆ 64.54, 0.9ರಿಂದ ಗುಣಿಸಿದರೆ ಸುಮಾರು 58 ನಿಮಿಷ. ಈಗ ಒಂದಕ್ಷರವನ್ನೂ ಬದಲಿಸದೆ ಕಠಿಣತೆಯನ್ನು 3ರ ಬದಲು 5 ಎಂದು ಹಾಕಿ. 86 ನಿಮಿಷ ಬರುತ್ತದೆ. ಕಠಿಣತೆಯ ಒಂದೊಂದು ಅಂಕಕ್ಕೂ ಸುಮಾರು 14 ನಿಮಿಷ ಏರುತ್ತದೆ, ಆ ಅಂಕ ಹಾಕುವವರು ಪಾಠ ಮಾರುವವರೇ. ನಿಮ್ಮ ಒಂದೂವರೆ ಗಂಟೆಯ ಹಿಂದೆ ಹೀಗೇನಾದರೂ ಆಗಿರಬಹುದು. ಅನುಮೋದನೆ ಕೊಡುವವರು ಈ ಅಂಕಕ್ಕೆ ಕಾರಣ ಕೇಳಲೇಬೇಕು; ಮೂಲ ನರ್ಸಿಂಗ್ ತರಗತಿಯ ಪಾಠಕ್ಕೆ 5 ಹಾಕಿದ್ದರೆ ಹಿಂದಕ್ಕೆ ಕಳಿಸಬೇಕು.

ಪ್ರಶ್ನೆಪತ್ರಿಕೆಯಲ್ಲೂ ಅಷ್ಟೇ. ಅದೇ ಹತ್ತು ಪ್ರಶ್ನೆ, ಅದೇ ಕ್ರಮ, ಪಾಸಾಗುವ ತನಕ ಎಷ್ಟು ಸಲ ಬೇಕಾದರೂ ಪ್ರಯತ್ನ ಎಂದರೆ ಕಲಿಕೆಯಲ್ಲಿ ಅಳೆದದ್ದು ತಾಳ್ಮೆ ಮಾತ್ರ. ದೊಡ್ಡ ಪ್ರಶ್ನೆಕೋಶದಿಂದ ಪ್ರತಿ ಸಲವೂ ಬೇರೆ ಪ್ರಶ್ನೆ ಬರಬೇಕು, ಪ್ರಯತ್ನಕ್ಕೆ ಮಿತಿ ಇರಬೇಕು, ತಪ್ಪಿದ ಉತ್ತರಕ್ಕೆ ವಿವರಣೆ ಸಿಗಬೇಕು. “ಪೊಟ್ಯಾಸಿಯಂ ಕ್ಲೋರೈಡ್ ಅಪಾಯಕಾರಿಯೇ?” ಎಂದು ಕೇಳಿದರೆ ಯಾರಾದರೂ ಹೌದು ಎನ್ನುತ್ತಾರೆ. ದುರ್ಬಲಗೊಳಿಸದ ಪೊಟ್ಯಾಸಿಯಂ ಕ್ಲೋರೈಡನ್ನು ನೇರ ರಕ್ತನಾಳಕ್ಕೆ ಕೊಡಿ ಎಂದು ಆರ್ಡರ್ ಬರೆದಿದ್ದಾರೆ, ವೈದ್ಯರು ಆಪರೇಷನ್ ಥಿಯೇಟರಿನಲ್ಲಿದ್ದಾರೆ, ನಿಮ್ಮ ಮೊದಲ ಕ್ರಮ ಏನು ಎಂದು ಕೇಳಿದಾಗ ಮಾತ್ರ ಓದಿದವರಾರು, ಓದದವರಾರು ಎಂಬುದು ತಿಳಿಯುತ್ತದೆ.

ಕೈಯಿಂದ ಮಾಡುವ ಕೆಲಸಕ್ಕೆ ಪರದೆಯ ಪಾಠ ಅರ್ಧ ದಾರಿ ಮಾತ್ರ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ (ಪ್ರಾಥಮಿಕ ಜೀವರಕ್ಷಣೆ) ಕೋರ್ಸಿನ ಓದಿನ ಭಾಗವನ್ನು ಆನ್‌ಲೈನ್‌ನಲ್ಲಿ ಮುಗಿಸಬಹುದು, ಆದರೆ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಮಾಡಿ ತೋರಿಸದೆ ಕಾರ್ಡ್ ಸಿಗುವುದಿಲ್ಲ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, 6 ಮೀರದಂತೆ ಎದೆ ಒತ್ತಬೇಕೆಂಬುದನ್ನು ಒಂದು ನಿಮಿಷದಲ್ಲಿ ಓದಿಬಿಡಬಹುದು. ಎರಡು ನಿಮಿಷ ಒತ್ತಿ ತೋಳು ಸೋತಾಗ ಆಳ 4ಕ್ಕೆ ಇಳಿದದ್ದನ್ನು ಮ್ಯಾನಿಕಿನ್ ಮತ್ತು ಪಕ್ಕದಲ್ಲಿ ನಿಂತ ತರಬೇತುದಾರರೇ ಹೇಳಬೇಕು.

ಪ್ರಶ್ನೆ: ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಆರೈಕೆಯ ಎರಡು ದಿನದ ಕೋರ್ಸ್ ಮಾಡಿದ್ದೇನೆ. ಮಾನ್ಯತೆ ಇರುವ ಸರ್ಟಿಫಿಕೇಟೇ ಇದೆ. ಆದರೂ ಇನ್‌ಚಾರ್ಜ್ ಸಿಸ್ಟರ್ ನನಗೆ ಡ್ರೆಸ್ಸಿಂಗ್ ಬದಲಿಸಲು ಬಿಡುತ್ತಿಲ್ಲ. ಹಾಗಾದರೆ ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲವೇ?

ಬೆಲೆ ಇದೆ. ಆದರೆ ನೀವು ಕೇಳುತ್ತಿರುವ ಅನುಮತಿ ಕೊಡುವ ಅಧಿಕಾರ ಅದಕ್ಕಿಲ್ಲ, ನಿಮ್ಮ ಇನ್‌ಚಾರ್ಜ್ ಮಾಡಿದ್ದು ಸರಿ. ಒಂದು ಕೆಲಸವನ್ನು ನರ್ಸ್ ಸ್ವತಂತ್ರವಾಗಿ ಮಾಡಬೇಕಾದರೆ ಮೂರು ಒಪ್ಪಿಗೆ ಬೇಕು. ಕಾನೂನು ಮತ್ತು ಕೌನ್ಸಿಲ್ ಆ ಕೆಲಸವನ್ನು ನರ್ಸ್‌ನ ವ್ಯಾಪ್ತಿಯೊಳಗೆ ಇಟ್ಟಿರಬೇಕು. ಆಸ್ಪತ್ರೆಯ ಲಿಖಿತ ನೀತಿ ಯಾವ ದರ್ಜೆಯ ನರ್ಸ್ ಮಾಡಬಹುದೆಂದು ಹೇಳಿರಬೇಕು. ಆಮೇಲೆ, ನಿಮಗೆ ಅದು ಬರುತ್ತದೆ ಎಂದು ನೋಡಿದವರು ಸಹಿ ಹಾಕಿರಬೇಕು. ಎರಡು ದಿನದ ಕೋರ್ಸ್ ಈ ಮೂರನೆಯದಕ್ಕೆ ಬುನಾದಿ ಹಾಕಿದೆ, ಅಷ್ಟೇ.

ಆ ಸಹಿ ಹಾಕುವವರು ಏನು ನೋಡುತ್ತಾರೆ? ಮಾಸ್ಕ್ ಹಾಕಿ, ಕೈ ಶುದ್ಧ ಮಾಡಿ, ಸಾದಾ ಗ್ಲೌಸ್‌ನಲ್ಲಿ ಹಳೆಯ ಡ್ರೆಸ್ಸಿಂಗ್ ಬಿಡಿಸುತ್ತೀರಿ. ಒಂದು ಕೈ ಕ್ಯಾತಿಟರ್ (ಲೈನಿನ ನಳಿಕೆ) ಅಲುಗದಂತೆ ಹಿಡಿದಿರಬೇಕು. ಫಿಲ್ಮನ್ನು ಅಂಚಿನಿಂದ ಲೈನ್ ಒಳಹೋದ ಜಾಗದ ಕಡೆಗೆ ಬಿಡಿಸಬೇಕು. ಆ ಜಾಗದಿಂದ ಹೊರಕ್ಕೆ ಎಳೆದರೆ ಲೈನೇ ಜೊತೆಗೆ ಬರುತ್ತದೆ. ಜಾಗ ಕೆಂಪಾಗಿದೆಯೇ, ಕೀವು ಇದೆಯೇ, ಹೊರಗಿರುವ ಲೈನಿನ ಉದ್ದ ಹಿಂದಿನ ದಾಖಲೆಗೆ ಹೊಂದುತ್ತದೆಯೇ ನೋಡಬೇಕು. ಗ್ಲೌಸ್ ತೆಗೆದು ಮತ್ತೆ ಕೈ ಶುದ್ಧ ಮಾಡಿ ಸ್ಟೆರೈಲ್ ಗ್ಲೌಸ್ ಹಾಕಬೇಕು. ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ, ಗ್ಲೌಸ್ ಮಾತ್ರ ಬದಲಿಸಿ ಕೈ ಶುದ್ಧ ಮಾಡುವುದನ್ನು ಬಿಟ್ಟುಬಿಡುತ್ತಾರೆ. ಆಲ್ಕೋಹಾಲ್ ಸೇರಿದ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕದಿಂದ 30 ಸೆಕೆಂಡು ಉಜ್ಜಿ, ತಾನಾಗಿ ಪೂರ್ತಿ ಒಣಗಲು ಬಿಡಬೇಕು. ಕೈ ಬೀಸುವುದು, ಊದುವುದು ಕೂಡದು. ಹಸಿ ಇರುವಾಗಲೇ ಫಿಲ್ಮ್ ಹಚ್ಚಿದರೆ ಅದು ಸರಿಯಾಗಿ ಅಂಟುವುದಿಲ್ಲ, ಕೆಳಗಿನ ಚರ್ಮವೂ ಕೆರಳುತ್ತದೆ. ಕೊನೆಗೆ ದಿನಾಂಕ. ಪಾರದರ್ಶಕ ಫಿಲ್ಮ್ ಆದರೆ 7 ದಿನಕ್ಕೊಮ್ಮೆ, ಗಾಜ್ ಆದರೆ 2 ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ, ಸಡಿಲಾದರೆ, ಕೊಳೆಯಾದರೆ ಆಗಲೇ ಬದಲಿಸಬೇಕು.

ಒಳ್ಳೆಯ ಮೌಲ್ಯಮಾಪನ ಪಟ್ಟಿಯಲ್ಲಿ ಕೆಲವು ಹಂತಗಳಿಗೆ “ನಿರ್ಣಾಯಕ” ಎಂಬ ಗುರುತಿರುತ್ತದೆ. ಅವುಗಳಲ್ಲಿ ಒಂದು ತಪ್ಪಿದರೂ ಇಡೀ ಕೆಲಸವನ್ನು ಇನ್ನೊಂದು ದಿನ ಮತ್ತೆ ತೋರಿಸಬೇಕು. ಉಳಿದದ್ದು ನೂರಕ್ಕೆ ತೊಂಬತ್ತು ಬಂದಿದ್ದರೂ ಅಷ್ಟೇ, ಏಕೆಂದರೆ ಸೋಂಕಿಗೆ ಶೇಕಡಾವಾರು ಲೆಕ್ಕ ಗೊತ್ತಿಲ್ಲ.

ನೀವು ಮಾಡಬೇಕಾದ್ದು: ಸರ್ಟಿಫಿಕೇಟಿನ ಜೊತೆ ಕೋರ್ಸಿನ ಪಠ್ಯವಿವರದ ಪುಟವನ್ನೂ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಕೊಡಿ, ಅದರಲ್ಲಿ ಮ್ಯಾನಿಕಿನ್ ಅಭ್ಯಾಸ ಎಷ್ಟು ಹೊತ್ತಿತ್ತು ಎಂಬುದಿರಲಿ. ಲಿಖಿತ ನೀತಿ ಕೇಳಿ. ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಸಲ ಮಾಡಿ ತೋರಿಸಬೇಕು ಎಂದು ಬರೆಸಿಕೊಂಡು ದಿನ ಗೊತ್ತುಮಾಡಿಕೊಳ್ಳಿ. ತಡ ಮಾಡಬೇಡಿ. ಎದೆ ಒತ್ತುವ ಕೌಶಲವೇ ತರಬೇತಿಯಾದ ಮೂರರಿಂದ ಆರು ತಿಂಗಳಲ್ಲಿ ಕುಗ್ಗತೊಡಗುತ್ತದೆಂದು ಅಧ್ಯಯನಗಳು ಮತ್ತೆಮತ್ತೆ ತೋರಿಸಿವೆ. ಡ್ರೆಸ್ಸಿಂಗೂ ಕೈಗೆ ಕೆಲಸ ಸಿಗದಿದ್ದರೆ ಮರೆಯುತ್ತದೆ. ಇನ್ನೊಂದು ಮಾತು: “ನಿಮಗೆ ಸರ್ಟಿಫಿಕೇಟ್ ಇದೆಯಲ್ಲ, ಮಾಡಿಬಿಡಿ ಸಿಸ್ಟರ್” ಎಂದು ರಾತ್ರಿ ಡ್ಯೂಟಿಯಲ್ಲಿ ವೈದ್ಯರೇ ಹೇಳಿದರೂ, ಆಸ್ಪತ್ರೆಯ ಅನುಮತಿ ಇಲ್ಲದೆ ಕೈ ಹಾಕಬೇಡಿ. ಹೇಳಿದವರ ಮಾತು ದಾಖಲೆಯಲ್ಲಿ ಉಳಿಯುವುದಿಲ್ಲ, ಮಾಡಿದವರ ಸಹಿ ಉಳಿಯುತ್ತದೆ.

ಪ್ರಶ್ನೆ: ನಾನು ಆಸ್ಪತ್ರೆಯೊಂದರ ನರ್ಸಿಂಗ್ ಶಿಕ್ಷಣ ವಿಭಾಗದಲ್ಲಿದ್ದೇನೆ. ಹೆಚ್ಚು ಅಪಾಯದ ಔಷಧಿಗಳ ಇನ್‌ಫ್ಯೂಷನ್ (ಪಂಪ್ ಮೂಲಕ ರಕ್ತನಾಳಕ್ಕೆ ನಿಧಾನವಾಗಿ ಹರಿಸುವುದು) ಬಗ್ಗೆ 6 ಗಂಟೆಯ ಕೋರ್ಸ್ ಮಾಡಿ ಮಾನ್ಯತೆ ಪಡೆಯಬೇಕೆಂದಿದ್ದೇವೆ. ಅರ್ಜಿಯಲ್ಲಿ ಏನೇನು ಇರಬೇಕು? ಒಮ್ಮೆ ತಿರಸ್ಕಾರವಾಗಿದೆ.

ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ನಮೂನೆ ಬದಲಾಗುತ್ತದೆ, ಕೇಳುವ ಪ್ರಶ್ನೆಗಳು ಬದಲಾಗುವುದಿಲ್ಲ. ತಿರಸ್ಕಾರವಾದ ಅರ್ಜಿಗಳಲ್ಲಿ ಮೊದಲ ಪುಟವೇ ಸೋತಿರುತ್ತದೆ. “ನರ್ಸ್‌ಗಳ ತಿಳಿವಳಿಕೆ ಹೆಚ್ಚಿಸಲು” ಎಂದು ಬರೆದಿರುತ್ತಾರೆ. ಕೋರ್ಸ್ ಏಕೆ ಬೇಕು ಎಂಬುದಕ್ಕೆ ನಿಮ್ಮಲ್ಲೇ ಪುರಾವೆ ಇದೆ: ಔಷಧಿ ದೋಷದ ವರದಿಗಳು, ಪಂಪ್ ಲಾಗ್, ವಾರ್ಡ್ ತಪಾಸಣೆ. ದೋಷ ಲೆಕ್ಕದಲ್ಲಿ ಆಯಿತೇ, ಪಂಪ್‌ಗೆ ಸಂಖ್ಯೆ ಒತ್ತುವಾಗ ಆಯಿತೇ, ಎರಡು ಲೈನ್ ಅದಲುಬದಲಾದವೇ ಎಂದು ಬಿಡಿಸಿ ಬರೆಯಿರಿ. ಲೆಕ್ಕದ ದೋಷಕ್ಕೆ ಪಾಠ ಮದ್ದು. ಆದರೆ ಒಂದೇ ರೀತಿ ಕಾಣುವ ಎರಡು ಆಂಪುಲ್ ಒಂದೇ ಟ್ರೇನಲ್ಲಿ ಇಟ್ಟಿದ್ದರಿಂದ ದೋಷವಾಗಿದ್ದರೆ ಅದಕ್ಕೆ ಬೇಕಾದದ್ದು ಕೋರ್ಸ್ ಅಲ್ಲ, ಟ್ರೇ ಬೇರೆ ಮಾಡುವುದು. ಈ ವ್ಯತ್ಯಾಸವನ್ನು ನೀವೇ ಗುರುತಿಸಿದ್ದೀರೆಂದು ಕಂಡರೆ ಪರಿಶೀಲಿಸುವವರಿಗೆ ಅರ್ಜಿಯ ಮೇಲೆ ನಂಬಿಕೆ ಹುಟ್ಟುತ್ತದೆ.

ಉದ್ದೇಶಗಳನ್ನು ಅಳೆಯಲು ಬರುವ ಕ್ರಿಯಾಪದದಲ್ಲಿ ಬರೆಯಿರಿ. “ಅರಿಯುವರು, ಅರ್ಥಮಾಡಿಕೊಳ್ಳುವರು” ಎಂಬುದನ್ನು ಯಾರೂ ನೋಡಲಾಗದು. “ತೂಕ ಮತ್ತು ಆರ್ಡರ್ ಕೊಟ್ಟಾಗ ಪಂಪ್‌ನ ದರವನ್ನು ಗಂಟೆಗೆ ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಿ ತೋರಿಸುವರು” ಎಂಬುದನ್ನು ನೋಡಬಹುದು. ಪರೀಕ್ಷೆಯ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟುತ್ತದೆ: 50 ಮಿಲಿಲೀಟರ್‌ನಲ್ಲಿ 4 ಮಿಲಿಗ್ರಾಂ ನಾರ್‌ಅಡ್ರಿನಲಿನ್ (ರಕ್ತದೊತ್ತಡ ಏರಿಸುವ ಔಷಧಿ), ರೋಗಿಯ ತೂಕ 60 ಕೆಜಿ, ಆರ್ಡರ್ ಪ್ರತಿ ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. ದ್ರಾವಣ ಮಿಲಿಲೀಟರ್‌ಗೆ 80 ಮೈಕ್ರೋಗ್ರಾಂ ಆಯಿತು. ಬೇಕಾದದ್ದು ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 360ನ್ನು 80ರಿಂದ ಭಾಗಿಸಿದರೆ ಗಂಟೆಗೆ 4.5 ಮಿಲಿಲೀಟರ್. ಇಲ್ಲಿ ನಿಮಿಷವನ್ನು ಗಂಟೆಗೆ ತಿರುಗಿಸುವುದು ಮರೆತರೆ, ದಶಮಾಂಶ ಒಂದು ಮನೆ ಜರುಗಿದರೆ ಏನಾಗುತ್ತದೆ ಎಂಬುದನ್ನೂ ಪಾಠದಲ್ಲಿ ಸೇರಿಸಿ. 45 ಎಂದು ಪಂಪ್‌ನಲ್ಲಿ ಒತ್ತಿದ ಕೈಗೆ ತಪ್ಪು ತಾನಾಗಿ ಕಾಣುವುದಿಲ್ಲ.

ನಿಮಿಷದ ಪಟ್ಟಿ ಕೊಡಿ. 360 ನಿಮಿಷವನ್ನು ಹೀಗೆ ಹಂಚಬಹುದು: ಪೂರ್ವ ಪರೀಕ್ಷೆ 20, ಲೆಕ್ಕ 90, ಪಂಪ್ ಅಭ್ಯಾಸ 120, ಲೈನಿಗೆ ಚೀಟಿ ಅಂಟಿಸುವುದು ಮತ್ತು ಇಬ್ಬರು ಸ್ವತಂತ್ರವಾಗಿ ತಾಳೆ ನೋಡುವುದು 60, ಪ್ರಕರಣ ಚರ್ಚೆ 40, ಅಂತಿಮ ಪರೀಕ್ಷೆ 30. ವಿರಾಮಗಳು ಇದರ ಹೊರಗೆ. ಹಾಗೆಯೇ ಕಲಿಯುವವರ ಸಂಖ್ಯೆಗೆ ಮಿತಿ ಹಾಕಿ. 4 ಪಂಪ್, 24 ಮಂದಿ ಎಂದರೆ ಒಂದು ಪಂಪ್‌ಗೆ 6 ಜನ, 120 ನಿಮಿಷದಲ್ಲಿ ಒಬ್ಬೊಬ್ಬರ ಕೈಗೆ 20 ನಿಮಿಷ. ಕೊನೆ ಗಳಿಗೆಯಲ್ಲಿ 48 ಮಂದಿಯನ್ನು ತುಂಬಿಸಿದರೆ ಅದು 10 ನಿಮಿಷಕ್ಕಿಳಿಯುತ್ತದೆ. ಸರ್ಟಿಫಿಕೇಟಿನಲ್ಲಿ ಮಾತ್ರ ಗಂಟೆ ಅಷ್ಟೇ ಇರುತ್ತದೆ. ಕಿರು ಕೋರ್ಸ್‌ಗಳು ಕೆಡುವುದು ಹೆಚ್ಚಾಗಿ ಹೀಗೆಯೇ.

ಅಧ್ಯಾಪಕರ ವಿವರದಲ್ಲಿ ಪದವಿಗಳ ಸಾಲಿಗಿಂತ ಆ ಕೆಲಸವನ್ನು ಈಗಲೂ ಮಾಡುತ್ತಿದ್ದಾರೆಯೇ ಎಂಬುದು ಮುಖ್ಯ. ಹಣಕಾಸಿನ ಹಿತಾಸಕ್ತಿಯ ಘೋಷಣೆ ಪ್ರತಿಯೊಬ್ಬರಿಂದಲೂ ಬೇಕು, “ಏನೂ ಇಲ್ಲ” ಎಂದಿದ್ದರೂ ಸಹಿಯೊಂದಿಗೆ.

ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮೆಟ್ಟಿಲು ಇಂದಿಗೂ ಸಾಕು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬದಲಾದರೇ, ಫಲ ಕಂಡಿತೇ. ಹೆಚ್ಚಿನ ಕಡತಗಳು ಮೊದಲ ಮೆಟ್ಟಿಲಲ್ಲೇ ನಿಂತಿರುತ್ತವೆ, “ಉಪನ್ಯಾಸ ಚೆನ್ನಾಗಿತ್ತು” ಎಂಬ ಗುರುತುಗಳ ಕಟ್ಟಿನೊಂದಿಗೆ. ಮೂರನೆಯದನ್ನಾದರೂ ಯೋಜಿಸಿ: ಎಂಟು ವಾರದ ನಂತರ ಅದೇ ನರ್ಸ್‌ಗಳ ಡ್ಯೂಟಿಯಲ್ಲಿ ಹೋಗಿ, ಓಡುತ್ತಿರುವ ಪಂಪ್‌ನ ದರ ಆರ್ಡರ್‌ಗೆ ಹೊಂದುತ್ತದೆಯೇ, ಇಬ್ಬರ ಸಹಿ ಇದೆಯೇ ಎಂದು ನೋಡುವುದು. ಇದಕ್ಕೆ ದುಡ್ಡು ಬೇಡ, ಒಬ್ಬರ ಅರ್ಧ ದಿನ ಸಾಕು.

ಇನ್ನೆರಡು ಎಚ್ಚರಿಕೆ. ಕಾರ್ಯಕ್ರಮ ಮುಗಿಸಿ ಆಮೇಲೆ ಅನುಮೋದನೆ ಕೇಳಬೇಡಿ. ಅನುಮೋದನೆ ಬಂದ ನಂತರ ವಿಷಯ, ಅಧ್ಯಾಪಕ, ಅವಧಿ ಬದಲಾದರೆ ತಿಳಿಸದೆ ನಡೆಸಬೇಡಿ. ಅದರ ಪೆಟ್ಟು ಬೀಳುವುದು ನಿಮ್ಮನ್ನು ನಂಬಿ ಬಂದ ನರ್ಸ್‌ಗಳ ನವೀಕರಣದ ಮೇಲೆ.

ಪ್ರಶ್ನೆ: ಉತ್ಪನ್ನ ಕಂಪನಿಗಳು ನಡೆಸುವ ತರಬೇತಿಗೂ ಗಂಟೆ ಕೊಡಬಹುದೇ?

ಕಂಪನಿ ಹಣ ಕೊಡಬಹುದು. ವಿಷಯ, ಅಧ್ಯಾಪಕರು, ಮೌಲ್ಯಮಾಪನ ಇವನ್ನು ನಿರ್ಧರಿಸಬಾರದು. ಅಮೆರಿಕದಲ್ಲಿ ವೈದ್ಯರ ನಿರಂತರ ಶಿಕ್ಷಣದ ಮಾನ್ಯತಾ ಮಂಡಳಿ 2020ರ ಡಿಸೆಂಬರ್‌ನಲ್ಲಿ ಹೊರತಂದ ಸ್ವಾತಂತ್ರ್ಯದ ಮಾನದಂಡಗಳನ್ನೇ ನರ್ಸಿಂಗ್ ಮಾನ್ಯತೆಯೂ ಅಳವಡಿಸಿಕೊಂಡಿದೆ: ಪಾಠದ ಸಾಮಗ್ರಿಯಲ್ಲಿ ಕಂಪನಿಯ ಲಾಂಛನ ಬರಕೂಡದು, ಪ್ರಚಾರವನ್ನು ಪಾಠದಿಂದ ಬೇರೆಯಾಗಿಡಬೇಕು. ಹೊಸ ಪಂಪ್ ಬಂದಾಗ ಕಂಪನಿಯವರು 40 ನಿಮಿಷ ಬಟನ್ ತೋರಿಸಿಕೊಡುವುದು ಬೇಕೇ ಬೇಕು, ಅದಕ್ಕೆ ಹಾಜರಾಗಿ. ಅದನ್ನು ಉಪಕರಣ ತರಬೇತಿ ಎಂದು ದಾಖಲಿಸಿ, ನಿರಂತರ ಶಿಕ್ಷಣದ ಗಂಟೆ ಎಂದಲ್ಲ.

ಪ್ರಶ್ನೆ: ಬೇರೆ ದೇಶದಲ್ಲಿ ನೋಂದಣಿ ಮಾಡಿಸಿದರೆ ಇಲ್ಲಿಯವರೆಗಿನ ಗಂಟೆಗಳು ಜೊತೆಗೆ ಬರುತ್ತವೆಯೇ?

ಬರುತ್ತವೆ ಎಂದು ಲೆಕ್ಕ ಹಾಕಿಕೊಳ್ಳಬೇಡಿ. ಒಂದೊಂದು ಕಡೆ ಒಂದೊಂದು ಕ್ರಮ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ 5 ವರ್ಷಕ್ಕೆ 150 ಗಂಟೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಕನಿಷ್ಠ 20. ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 30, ಟೆಕ್ಸಾಸ್‌ನಲ್ಲಿ 20. ಬ್ರಿಟನ್‌ನಲ್ಲಿ 2016ರ ಏಪ್ರಿಲ್‌ನಿಂದ ಪುನರ್‌ಮೌಲ್ಯೀಕರಣ ಎಂಬ ನವೀಕರಣ ಕ್ರಮ ಜಾರಿಯಲ್ಲಿದೆ: 3 ವರ್ಷದಲ್ಲಿ 450 ಗಂಟೆ ಕೆಲಸ, 35 ಗಂಟೆ ಕಲಿಕೆ. ಆ 35ರಲ್ಲಿ 20 ಗಂಟೆ ಬೇರೆಯವರೊಂದಿಗೆ ಒಡನಾಡಿ ಕಲಿತದ್ದಾಗಿರಬೇಕು. ಜೊತೆಗೆ ಕೆಲಸದ ಬಗ್ಗೆ ಐದು ಅಭಿಪ್ರಾಯ, ಐದು ಲಿಖಿತ ಅವಲೋಕನ, ಇನ್ನೊಬ್ಬ ನೋಂದಾಯಿತರೊಡನೆ ಅವುಗಳ ಚರ್ಚೆ. ನಿಮ್ಮ ಕೆಲಸಕ್ಕೆ ನೇರ ಸಂಬಂಧವಿಲ್ಲದ ಅಗ್ನಿ ಸುರಕ್ಷತೆಯಂಥ ಕಡ್ಡಾಯ ತರಬೇತಿ ಅಲ್ಲಿ ಲೆಕ್ಕಕ್ಕೆ ಸೇರುವುದಿಲ್ಲ.

ಪ್ರಶ್ನೆ: ಪ್ರತಿ ಕೋರ್ಸನ್ನೂ ಕೌನ್ಸಿಲ್ ಅನುಮೋದಿಸಬೇಕೇ, ಅಥವಾ ನರ್ಸ್‌ಗಳ ಮೇಲೆಯೇ ಬಿಡಬೇಕೇ? ನಿಮ್ಮ ಅಭಿಪ್ರಾಯವೇನು?

ಎರಡರಲ್ಲೂ ಸೋರಿಕೆ ಇದೆ. ಎಲ್ಲವನ್ನೂ ಮುಂಚಿತವಾಗಿ ಅನುಮೋದಿಸುವ ಕಡೆ ಕಡತ ರಾಶಿ ಬೀಳುತ್ತದೆ, ಸಣ್ಣ ಆಸ್ಪತ್ರೆಯ ಒಳ್ಳೆಯ ಎರಡು ಗಂಟೆಯ ಪಾಠಕ್ಕೆ ಮಾನ್ಯತೆ ಸಿಗುವುದೇ ಇಲ್ಲ, ಅರ್ಜಿ ಬರೆಯಲು ಜನರಿರುವ ದೊಡ್ಡವರಿಗೆ ಮಾತ್ರ ಸಿಗುತ್ತದೆ. ನರ್ಸ್‌ಗಳ ಮೇಲೆಯೇ ಬಿಟ್ಟ ಕಡೆ ನವೀಕರಣದ ಕೊನೆಯ ವಾರದಲ್ಲಿ ಅವಲೋಕನಗಳನ್ನು ಒಟ್ಟಿಗೇ ಬರೆದು ಮುಗಿಸುವ ಅಪಾಯವಿದೆ.

ನಮ್ಮ ಅಭಿಪ್ರಾಯ ಹೀಗಿದೆ. ತಿಳಿವಳಿಕೆಯ ಕೋರ್ಸ್‌ಗಳಿಗೆ ಸಂಸ್ಥೆಯನ್ನು ಅನುಮೋದಿಸಿ, ಆಮೇಲೆ ಹೇಳದೆ ಹೋಗಿ ತಪಾಸಣೆ ಮಾಡಿ. ರೋಗಿಯ ಮೈಮೇಲೆ ಕೈ ಇಡುವ ಕೌಶಲದ ಕೋರ್ಸ್‌ಗಳಿಗೆ ಒಂದೊಂದಕ್ಕೂ ಅನುಮೋದನೆ ಬೇಕು. ಅಲ್ಲಿ ಗಂಟೆಗಿಂತ, ಎಷ್ಟು ಜನಕ್ಕೆ ಎಷ್ಟು ಉಪಕರಣ, ಯಾರು ಮೌಲ್ಯಮಾಪನ ಮಾಡುತ್ತಾರೆ ಎಂಬುದನ್ನು ನೋಡಬೇಕು. ಅನುಮೋದಿತರ ಪಟ್ಟಿ, ರದ್ದಾದವರ ಪಟ್ಟಿ ಎರಡೂ ಎಲ್ಲರಿಗೂ ಕಾಣುವಂತೆ ಇರಬೇಕು.

ಇನ್ನೊಂದು ವಿಷಯ ನಿಯಮ ಮಾಡುವವರ ಕಣ್ಣಿಗೆ ಬೀಳಲೇಬೇಕು: ಸಮಯ. ರಾತ್ರಿ ಡ್ಯೂಟಿ ಮುಗಿಸಿ ಎಂಟಕ್ಕೆ ಹೊರಬಂದವರನ್ನು ಒಂಬತ್ತಕ್ಕೆ ತರಗತಿಯಲ್ಲಿ ಕೂರಿಸಿದರೆ ಅವರು ಕಲಿಯುವುದಿಲ್ಲ, ನಿದ್ದೆ ತಡೆಯುತ್ತಾರೆ. ಆ ದಿನ ರಾತ್ರಿ ಮತ್ತೆ ಅವರೇ ರೋಗಿಯ ಪಕ್ಕ ನಿಲ್ಲಬೇಕು. ಗಂಟೆಗಳನ್ನು ಕಡ್ಡಾಯ ಮಾಡುವ ಅಧಿಕಾರ ಇರುವವರು, ಆ ಗಂಟೆಗಳನ್ನು ಡ್ಯೂಟಿ ಎಂದು ಎಣಿಸುವಂತೆ ಉದ್ಯೋಗದಾತರಿಗೂ ಕಡ್ಡಾಯ ಮಾಡಬೇಕು.

ಪ್ರಶ್ನೆ: ಹತ್ತು ಗಂಟೆಯ ಹನ್ನೆರಡು ಕೋರ್ಸ್ ಮಾಡಿದ್ದೇನೆ. ಸೇರಿಸಿದರೆ ಡಿಪ್ಲೊಮಾ ಆಗುತ್ತದೆಯೇ?

ತಾನಾಗಿ ಆಗುವುದಿಲ್ಲ. ಸಂಪರ್ಕ ಗಂಟೆ ಎಣಿಸುವುದು ಪಾಠ ನಡೆದ ಹೊತ್ತನ್ನು. ಶೈಕ್ಷಣಿಕ ಕ್ರೆಡಿಟ್‌ನಲ್ಲಿ ಓದು, ಬರಹ, ಪರೀಕ್ಷೆ ಎಲ್ಲ ಸೇರುತ್ತವೆ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ 1 ಕ್ರೆಡಿಟ್ ಎಂದರೆ ಕಲಿಯುವವರ 25ರಿಂದ 30 ಗಂಟೆಯ ಶ್ರಮ. ಆದರೆ ಹಿಂದಿನ ಕಲಿಕೆಯನ್ನು ಪರಿಗಣಿಸುವ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಕೆಲಸಕ್ಕೆ ಬರುವ ಸರ್ಟಿಫಿಕೇಟ್ ಹೇಗಿರಬೇಕೆಂದು ತಿಳಿಯಲು ಯುರೋಪಿಯನ್ ಒಕ್ಕೂಟದ ಮಂಡಳಿ 2022ರ ಜೂನ್‌ನಲ್ಲಿ ಕಿರು ಅರ್ಹತೆಗಳ ಬಗ್ಗೆ ಮಾಡಿದ ಶಿಫಾರಸು ನೋಡಬಹುದು: ಕಲಿತವರ ಗುರುತು, ಕೊಟ್ಟವರು, ದಿನಾಂಕ, ಕಲಿಕೆಯ ಫಲ, ಶ್ರಮದ ಪ್ರಮಾಣ, ಮಟ್ಟ, ಮೌಲ್ಯಮಾಪನದ ಬಗೆ, ಗುಣಮಟ್ಟ ಖಾತರಿಯ ಬಗೆ. ನಿಮ್ಮ ಹನ್ನೆರಡರಲ್ಲಿ “ಭಾಗವಹಿಸಿದ್ದಾರೆ” ಎಂದಷ್ಟೇ ಇರುವವನ್ನು ಬದಿಗಿಡಿ. ಪರೀಕ್ಷೆ ಇದ್ದವುಗಳ ಪಠ್ಯವಿವರ ತರಿಸಿಕೊಳ್ಳಿ. ಹಳೆಯ ಕಲಿಕೆಗೆ ಕೆಲವು ಕಡೆ ಕಾಲಮಿತಿ ಇರುತ್ತದೆ, ಮೊದಲೇ ವಿಚಾರಿಸಿ.

ಪ್ರಶ್ನೆ: ತಪಾಸಣೆಗೆ ಏನೇನು ಇಟ್ಟುಕೊಳ್ಳಬೇಕು? ಎಷ್ಟು ವರ್ಷ?

ಆಸ್ಟ್ರೇಲಿಯಾದಲ್ಲಿ 5 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 4 ವರ್ಷ. ನಿಮ್ಮ ಕೌನ್ಸಿಲ್‌ನ ಅವಧಿ ನೋಡಿಕೊಳ್ಳಿ, ಅನುಮಾನವಿದ್ದರೆ ಒಂದು ಪೂರ್ಣ ನವೀಕರಣ ಅವಧಿಗಿಂತ ಹೆಚ್ಚೇ ಇಡಿ. ಸರ್ಟಿಫಿಕೇಟ್, ವೇಳಾಪಟ್ಟಿ, ಪಠ್ಯವಿವರ ಮೂರನ್ನೂ ಕೋರ್ಸ್ ಮುಗಿದ ದಿನವೇ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಎರಡು ಕಡೆ ಉಳಿಸಿ. ಅವಲೋಕನ ಬರೆಯುವಾಗ “ತುಂಬಾ ಉಪಯುಕ್ತವಾಗಿತ್ತು” ಎಂಬುದರಿಂದ ಏನೂ ತಿಳಿಯದು. “ಶಿಫ್ಟ್ ಬದಲಾಗುವಾಗ ಪಂಪ್‌ನ ದರವನ್ನು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಆಮೇಲೆ ತಾಳೆ ನೋಡುತ್ತೇವೆ, ಮುಂಚೆ ಒಬ್ಬರು ಓದಿದ್ದನ್ನು ಇನ್ನೊಬ್ಬರು ಹೌದು ಎನ್ನುತ್ತಿದ್ದೆವು” ಎಂದು ಬರೆದರೆ ಅದು ಪುರಾವೆ. ರೋಗಿಯ ಹೆಸರು, ಹಾಸಿಗೆ ಸಂಖ್ಯೆ, ಗುರುತು ಹತ್ತುವ ಯಾವುದನ್ನೂ ಬರೆಯಬೇಡಿ.

ಪ್ರಶ್ನೆ: ಸರ್ಟಿಫಿಕೇಟಿನಲ್ಲಿರುವ ಹೆಸರಿಗೂ ನೋಂದಣಿಯಲ್ಲಿರುವ ಹೆಸರಿಗೂ ಹೊಂದಾಣಿಕೆ ಇಲ್ಲ. ನಾನೇ ತಿದ್ದಿಕೊಳ್ಳಬಹುದೇ?

ಪೆನ್ನು ಮುಟ್ಟಿಸಬೇಡಿ, ಮೊಬೈಲ್ ಆ್ಯಪ್‌ನಲ್ಲೂ ತಿದ್ದಬೇಡಿ. ತಿದ್ದಿದ ಸರ್ಟಿಫಿಕೇಟ್ ನಕಲಿಯ ಲೆಕ್ಕಕ್ಕೆ ಹೋಗುತ್ತದೆ. ಕೋರ್ಸ್ ನಡೆಸಿದವರಿಗೆ ನೋಂದಣಿ ಪತ್ರದ ಪ್ರತಿಯೊಂದಿಗೆ ಬರೆದು, ಅದೇ ಕ್ರಮಸಂಖ್ಯೆ ಮತ್ತು ಅದೇ ದಿನಾಂಕದಲ್ಲಿ ಹೆಸರು ಸರಿಪಡಿಸಿ ಮರುವಿತರಿಸಲು ಕೇಳಿ. ಅವರ ಹಾಜರಿ ಪಟ್ಟಿಯಲ್ಲೂ ತಿದ್ದುಪಡಿಯ ಟಿಪ್ಪಣಿ ಬರಲಿ, ಏಕೆಂದರೆ ಕೌನ್ಸಿಲ್ ತಾಳೆ ನೋಡುವುದು ಆ ಪಟ್ಟಿಯೊಂದಿಗೆ. ಮುಂದಿನ ಸಲ ಹೆಸರು ಬರೆಸುವಾಗಲೇ ನೋಂದಣಿ ಸಂಖ್ಯೆಯನ್ನೂ ಸರ್ಟಿಫಿಕೇಟಿನಲ್ಲಿ ಮುದ್ರಿಸಲು ಹೇಳಿ.